ಹಲ್ಲಿಗೆ ಮುಟ್ಟಿಸಿ ನೋಡಿದ ಜಾಡಿ

ನನ್ನ ಓರಗಿತ್ತಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ಕಿವಿಯಮ್ಮ ಎಂದೇ ಕರೆಯುತ್ತಿದ್ದರು. ಅವಳು ನನ್ನ ಗಂಡನ ತಮ್ಮನ ಹೆಂಡತಿ. ನನಗಿಂತ ಚಿಕ್ಕವಳು, ಆ ಮನೆಗೆ ನನಗಿಂತ ತಡವಾಗಿ ಬಂದವಳು, ಹಾಗಾಗಿ ನನ್ನನ್ನು ಅಕ್ಕ ಅನ್ನುತ್ತಿದ್ದಳು. ನನ್ನ ಗಂಡ ತೀರಿಕೊಂಡ ಮೇಲೂ ನಾನು ಅವರ ಜೊತೆಯಲ್ಲೇ ಉಳಿದೆ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ಅಡುಗೆಮನೆ ಎಷ್ಟು ಇಕ್ಕಟ್ಟೆಂದರೆ ಒಬ್ಬಳು ಬಗ್ಗಿದರೆ ಇನ್ನೊಬ್ಬಳು ನೆಟ್ಟಗೆ ನಿಲ್ಲಬೇಕು. ಹಾಗೆ ಬಗ್ಗುತ್ತಾ ನಿಲ್ಲುತ್ತಾ ನಾವಿಬ್ಬರೂ ಒಟ್ಟಿಗೆ ಮುದುಕಿಯರಾದೆವು.

ಅವಳ ಕಿವಿ ಹೇಗಿತ್ತು ಎಂದು ಮೊದಲು ಹೇಳಬೇಕು. ಹಾಲನ್ನು ಒಲೆಯ ಮೇಲಿಟ್ಟು ಅವಳು ಪಕ್ಕದ ಕೋಣೆಯಲ್ಲಿ ಹಾಸಿಗೆ ಮಡಿಸುತ್ತಿರುತ್ತಿದ್ದಳು. ಅಲ್ಲಿಂದಲೇ “ಅಕ್ಕಾ, ಹಾಲು” ಅನ್ನುವಳು. ನಾನು ತಿರುಗುವಷ್ಟರಲ್ಲಿ ನೊರೆ ಪಾತ್ರೆಯ ಅಂಚಿಗೆ ಬಂದಿರುತ್ತಿತ್ತು. ಒಲೆಯ ಮುಂದೆ ಕಂಬದ ಹಾಗೆ ನಿಂತ ನನಗೆ ಗೊತ್ತಾಗದ್ದು ಗೋಡೆಯಾಚೆ ನಿನಗೆ ಹೇಗೆ ಗೊತ್ತಾಯಿತೇ ಎಂದರೆ, ಉಕ್ಕುವ ಮೊದಲು ಹಾಲು ಒಂದು ಗಳಿಗೆ ಸುಮ್ಮನಾಗುತ್ತದೆ, ಅದು ಕೇಳಿಸಿತು ಅನ್ನುತ್ತಿದ್ದಳು. ಸದ್ದು ಕೇಳುವವರು ಎಲ್ಲರೂ ಇದ್ದಾರೆ. ಸದ್ದು ನಿಂತದ್ದನ್ನು ಕೇಳುವವಳು ಅವಳೊಬ್ಬಳೇ. ನನ್ನ ಮೈದುನ ಬೀದಿಯ ತಿರುವಿನಲ್ಲಿರುವಾಗಲೇ, ಇವತ್ತು ಯಾರ ಹತ್ತಿರವೋ ಬೈಸಿಕೊಂಡು ಬರುತ್ತಿದ್ದಾರೆ, ಚಪ್ಪಲಿ ಎಳೆಯುತ್ತಿದ್ದಾರೆ ಎಂದು ಹೇಳಿಬಿಡುವಳು. ಅವನು ಬಾಗಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿರುತ್ತಿದ್ದ. ಇಂಥ ಹೆಂಡತಿಯಿದ್ದರೆ ಗಂಡನಾದವನು ಗುಟ್ಟಾಗಿ ಸೀನಲಿಕ್ಕೂ ಆಗದು ಎಂದು ಅವನು ದೂರುತ್ತಿದ್ದ.

ನಾವು ಮೂವರೂ ಒಂದೇ ಜಾಡಿ ಕಾರ್ಖಾನೆಯವರು. ಮೈದುನ ಭಟ್ಟಿಯೊಳಗೆ ಜಾಡಿ ಜೋಡಿಸುವವನು. ನಾನು ಹುಲ್ಲಿನ ಶೆಡ್ಡಿನವಳು, ತಯಾರಾದ ಜಾಡಿಗೆ ಒಣಹುಲ್ಲು ಸುತ್ತಿ ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸ. ಅವಳು ಅಂಗಳದಾಚೆ ಮೆರುಗಿನ ಶೆಡ್ಡಿನಲ್ಲಿ.

ಜಾಡಿ ಎರಡು ಸಲ ಬೇಯುತ್ತದೆ. ಮೊದಲ ಸಲ ಬೆಂದಾಗ ಒರಟಾಗಿ, ನೀರು ಹೀರುವ ಹಾಗಿರುತ್ತದೆ. ಆಮೇಲೆ ಅದನ್ನು ಮೆರುಗಿನ ತೊಟ್ಟಿಯಲ್ಲಿ ಅದ್ದಿ ತೆಗೆಯುತ್ತಾರೆ. ಮೆರುಗು ಎಂದರೆ ಸೀಸದ ಕೆಂಪು ಪುಡಿ, ನುಣ್ಣನೆಯ ಮರಳು, ಜೇಡಿಮಣ್ಣು ಎಲ್ಲವನ್ನೂ ದೊಡ್ಡ ಡ್ರಮ್ಮಿನಲ್ಲಿ ಅರೆದು ನೀರಿಗೆ ಕಲಸಿದ್ದು. ಇಟ್ಟಿಗೆ ಬಣ್ಣದ ಕೆನೆಯ ಹಾಗೆ ಇರುತ್ತದೆ. ಒಣಗಿದ ಮೇಲೆ ಮುಟ್ಟಿದರೆ ಕೈಗೆ ಪುಡಿ ಹತ್ತುತ್ತದೆ. ಎರಡನೇ ಬೆಂಕಿಯಲ್ಲಿ ಅದೇ ಪುಡಿ ಕರಗಿ ಗಾಜಿನಂತೆ ಹೊಳೆಯುತ್ತದೆ. ಆದರೆ ಆ ಎರಡನೇ ಬೆಂಕಿಗೆ ಹೋಗುವ ಮೊದಲು ಒಂದೊಂದು ಜಾಡಿಯನ್ನೂ ತಟ್ಟಿ ನೋಡಬೇಕು. ಕೂದಲೆಳೆಯಷ್ಟು ಬಿರುಕಿದ್ದರೂ ಅದು ಭಟ್ಟಿಯಲ್ಲಿ ಬಾಯಿಬಿಡುತ್ತದೆ, ಕರಗಿದ ಮೆರುಗು ಸುರಿದು ಅಕ್ಕಪಕ್ಕದವಕ್ಕೆ ಅಂಟಿ ಸಾಲಿಗೆ ಸಾಲೇ ಹಾಳು. ಆ ತಟ್ಟಿ ನೋಡುವ ಕೆಲಸ ಅವಳದು.

ಒಂದು ಮುಕ್ಕಾಲಿ, ಎದುರಿಗೆ ಹಲಗೆಗಳ ಮೇಲೆ ಒಣಗಿದ ಜಾಡಿಗಳು. ಜಾಡಿಯ ತಳಕ್ಕೆ ಮೆರುಗು ಹಚ್ಚಿರುವುದಿಲ್ಲ, ಅಲ್ಲಿ ಕೈ ಕೊಟ್ಟು ಎತ್ತುವಳು. ನಡುಬೆರಳಿನ ಗೆಣ್ಣಿನಿಂದ ಹೊಟ್ಟೆಯ ಮೇಲೆ ಒಂದೇ ಏಟು. ಠಣ್ ಎಂದರೆ ಬಲಗಡೆಗೆ, ದಬ್ ಎಂದರೆ ಎಡಗಡೆಗೆ. ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯದು. ಠಣ್ ಅಲ್ಲದ, ದಬ್ ಕೂಡ ಅಲ್ಲದ ಜಾಡಿ ನಡುನಡುವೆ ಬರುತ್ತಿತ್ತು. ಆಗ ಅವಳು ಜಾಡಿಯ ಬಾಯಂಚನ್ನು ತನ್ನ ಮುಂದಿನ ಹಲ್ಲಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಇನ್ನೊಂದು ಸಲ ತಟ್ಟುವಳು. ಒಳ್ಳೆಯ ಜಾಡಿಯ ಸದ್ದು ಹಲ್ಲಿನಿಂದ ನೆತ್ತಿಗೆ ನೆಟ್ಟಗೆ ಹೋಗುತ್ತದಂತೆ. ಒಡಕು ಜಾಡಿ ಹಲ್ಲಿನ ಬುಡದಲ್ಲೇ ಜರಜರ ಎಂದು ನಿಲ್ಲುತ್ತದಂತೆ. ಹಲ್ಲು ತಾಗಿದ ಕಡೆ ಮೆರುಗು ಒಂದು ಚೂರು ಎದ್ದುಬರುತ್ತಿತ್ತು. ಪಕ್ಕದಲ್ಲಿದ್ದ ಬಟ್ಟಲಲ್ಲಿ ಬೆರಳದ್ದಿ ಅಲ್ಲಿಗೆ ಮತ್ತೆ ಸವರಿ ಮುಂದಿನದಕ್ಕೆ ಕೈ ಹಾಕುವಳು.

ಇದನ್ನು ಅವಳಿಗೆ ಕಲಿಸಿದವನು ಅವಳಿಗಿಂತ ಮುಂಚೆ ಆ ಮುಕ್ಕಾಲಿಯಲ್ಲಿ ಕೂತಿದ್ದ ಮುದಿ ಮೇಸ್ತ್ರಿ. ಅವನಿಗೆ ಕಲಿಸಿದವನು ಅವನಿಗಿಂತ ಹಿಂದಿನವನು. ಬೆರಳು ಸುಳ್ಳು ಹೇಳಬಹುದು, ಹಲ್ಲು ಹೇಳುವುದಿಲ್ಲ ಎಂದು ಆ ಮೇಸ್ತ್ರಿ ಹೇಳುತ್ತಿದ್ದನಂತೆ. ಅವನು ದೊಡ್ಡ ಗತ್ತಿನ ಮನುಷ್ಯ. ಅಂಗಳದಲ್ಲಿ ಹಿಂದಿನಿಂದ ಕೂಗಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಹುಲ್ಲಿನ ಶೆಡ್ಡಿನ ನಾವು ಹೆಂಗಸರು, ನಮ್ಮಂಥವರಿಗೆಲ್ಲ ಓಗೊಟ್ಟರೆ ಅವರ ಮೇಸ್ತ್ರಿತನ ಕರಗಿಹೋಗುತ್ತದೆ ಎಂದು ನಗುತ್ತಿದ್ದೆವು. ನನ್ನ ಓರಗಿತ್ತಿ ಮಾತ್ರ ಅವನನ್ನು ಗುರುವಿನ ಹಾಗೆ ಕಾಣುತ್ತಿದ್ದಳು. ಅವಳಿಗಿದ್ದ ಕಿವಿಗೆ ಹಲ್ಲಿನ ಹಂಗೇ ಇರಲಿಲ್ಲ. ಆದರೂ ಅವನು ಕಲಿಸಿದ್ದನೆಂದು ಮಾಡುತ್ತಿದ್ದಳು. ಹಾಗೆ ಮಾಡದಿದ್ದರೆ ಕೆಲಸ ಪೂರ್ತಿಯಾದ ಹಾಗೇ ಅನಿಸುವುದಿಲ್ಲ ಅನ್ನುತ್ತಿದ್ದಳು.

ಒಂದು ದಿನ ನಾನು ಕೇಳಿದೆ, ಬಾಯಿಗೆ ಮಣ್ಣು ಹೋಗುವುದಿಲ್ಲವೇನೇ ಎಂದು.

“ಮಣ್ಣಿನ ರುಚಿ ಇಲ್ಲ ಅಕ್ಕ. ಸ್ವಲ್ಪ ಸಿಹಿ ಇರುತ್ತೆ” ಅಂದಳು.

ಸಿಹಿಯಾದದ್ದು ಕೆಟ್ಟದ್ದು ಎಂದು ಯಾರಿಗಾದರೂ ಹೊಳೆಯುತ್ತದೆಯೇ? ನನಗಂತೂ ಹೊಳೆಯಲಿಲ್ಲ.

ಶೆಡ್ಡಿನಲ್ಲಿ ಎಲ್ಲರೂ ಹೆದರುತ್ತಿದ್ದುದು ಡ್ರಮ್ಮಿನ ಸದ್ದಿಗೆ. ಅದರೊಳಗೆ ಕಲ್ಲಿನ ಉಂಡೆಗಳು ಉರುಳುತ್ತಿದ್ದವು. ತಗಡಿನ ಗೋಡೆಯ ಆಚೆಗೆ ಬೆಳಗಿನಿಂದ ಸಂಜೆಯವರೆಗೆ ಗುಡುಗಿದ ಹಾಗೆ. ಆ ಸದ್ದಿಗೆ ಕಿವಿ ಹೋಗುತ್ತದೆ ಎಂದು ಎಲ್ಲರೂ ಹೇಳುವವರೇ. ಅವಳು ಕಿವಿಯನ್ನು ಕಣ್ಣಿನ ಹಾಗೆ ಕಾಪಾಡಿಕೊಳ್ಳುತ್ತಿದ್ದಳು. ಹತ್ತಿಯ ಉಂಡೆ ಮಾಡಿ ಕಿವಿಗೆ ಇಟ್ಟುಕೊಳ್ಳುವಳು, ಜಾಡಿ ತಟ್ಟುವಾಗ ಒಂದು ಕಿವಿಯದನ್ನು ತೆಗೆಯುವಳು, ಮತ್ತೆ ಇಡುವಳು. ಅದೇ ಬೆರಳು, ಅದೇ ಕೆಂಪು ಪುಡಿ. ಅದೇ ಕೈಯಲ್ಲಿ ಊಟದ ಡಬ್ಬಿ ಬಿಚ್ಚುವಳು. ನೀರಿನ ನಲ್ಲಿ ಗೇಟಿನ ಹತ್ತಿರ, ಅಷ್ಟು ದೂರ ಯಾರು ಹೋಗುತ್ತಾರೆ? ಬಟ್ಟೆಗೆ ಕೈ ಒರೆಸಿಕೊಂಡರೆ ಆಯಿತು.

ಮೊದಲು ಹೊಟ್ಟೆನೋವು ಶುರುವಾಯಿತು. ತಡೆದು ತಡೆದು ಹಿಂಡುವ ನೋವು. ಮುಟ್ಟಿನ ಕಾಲ ಮುಗಿಯುವಾಗ ಹೀಗೆಲ್ಲ ಆಗುತ್ತದೆ ಎಂದು ನಾನೇ ಸಮಾಧಾನ ಹೇಳಿದೆ. ಆಮೇಲೆ ಮಣಿಕಟ್ಟು ಸೋತಿತು, ಹಿಂಡಿದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತಿತ್ತು. ಬಾಯಿ ತೆರೆದು ನಕ್ಕಾಗ ವಸಡಿನ ಅಂಚಿಗೆ ಪೆನ್ಸಿಲಿನಲ್ಲಿ ಎಳೆದ ಹಾಗೆ ಒಂದು ನೀಲಿ ಗೆರೆ ಕಾಣುತ್ತಿತ್ತು. ಕಿವಿಯಲ್ಲಿ ಯಾವಾಗಲೂ ದುಂಬಿ ಹೊಕ್ಕ ಹಾಗೆ ಗುಂಯ್ ಅನ್ನುತ್ತದೆ ಅನ್ನುತ್ತಿದ್ದಳು.

ಒಂದು ಬೆಳಗ್ಗೆ ನಾನು ಹಿಂದಿನ ಕಲ್ಲಿನ ಹತ್ತಿರ ಬಟ್ಟೆ ಒಗೆಯುತ್ತಿದ್ದೆ. ಹಾಲು ಸೀದ ವಾಸನೆ ಬಂತು. ಒಳಗೆ ಓಡಿ ಬಂದು ನೋಡಿದರೆ ಅವಳು ಒಲೆಗೆ ಬೆನ್ನು ಮಾಡಿ, ಎರಡು ಗೇಣು ದೂರದಲ್ಲಿ ನಿಂತು ತರಕಾರಿ ಹೆಚ್ಚುತ್ತಿದ್ದಾಳೆ. ಹಾಲು ಉಕ್ಕಿ ಒಲೆಯ ಮೇಲೆ ಚರಚರ ಎಂದು ಸುರಿಯುತ್ತಿದೆ. ನಾನು ಒಲೆ ಆರಿಸಿದ ಮೇಲೆ ಅವಳು ತಿರುಗಿದಳು. ಪಾತ್ರೆಯನ್ನು ನೋಡಿದಳು, ನನ್ನ ಮುಖ ನೋಡಿದಳು.

“ಅಕ್ಕ, ಯಾರಿಗೂ ಹೇಳಬೇಡ” ಅಂದಳು.

ಅವಳಿಗೆ ಅದು ಗೊತ್ತಾಗಿ ಎಷ್ಟು ಕಾಲವಾಗಿತ್ತೋ. ಕಿವಿಯಮ್ಮನಿಗೆ ಕಿವಿ ಹೋಯಿತು ಎಂದರೆ ಉಳಿಯುವುದೇನು? ಅವಳಿಗೆ ಆ ಮುಕ್ಕಾಲಿ ಹೋಗುವ ಚಿಂತೆ ಇತ್ತು, ಆದರೆ ಅದಕ್ಕಿಂತ ದೊಡ್ಡ ಚಿಂತೆ ಬೇರೆ. ಅವಳ ಮಗನಿಗೆ ಆಗತಾನೆ ಮದುವೆಯಾಗಿತ್ತು. ಮಗ ದೂರದ ಸಾಗಣೆ ಲಾರಿ ಓಡಿಸುವವನು, ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಸೊಸೆ ಹಗುರ ದನಿಯ ಹುಡುಗಿ, ಮಾತಿಗಿಂತ ನಗುವೇ ಜಾಸ್ತಿ. ಆ ಹುಡುಗಿ ಏನು ಹೇಳಿ ನಗುತ್ತಾಳೋ ನನಗೆ ತಿಳಿಯುವುದಿಲ್ಲ, ನಾನೂ ಸುಮ್ಮನೆ ನಗುತ್ತೇನೆ, ನಾಳೆ ಅವಳಿಗೆ ಮಗುವಾದರೆ ಅದರ ಮೊದಲ ಮಾತಿಗೂ ಹೀಗೇ ಸುಮ್ಮನೆ ನಗಬೇಕಾ ಎಂದು ಅವಳು ನನ್ನ ಹತ್ತಿರ ಹೇಳಿಕೊಂಡಳು.

ನಾವು ಮಾಡದ ಔಷಧಿಯಿಲ್ಲ. ಬೆಚ್ಚಗಿನ ಎಣ್ಣೆ ಬಿಟ್ಟೆವು. ಗುಗ್ಗೆ ತೆಗೆಯಲು ಹೇರ್‌ಪಿನ್ನು ಹಾಕಿ ರಕ್ತ ಬರಿಸಿಕೊಂಡಳು. ಮೈದುನನಿಗೆ ಗುಟ್ಟು ಗೊತ್ತಾದದ್ದು ಅವನ ಜೋಕಿನಿಂದಲೇ. ಏನೋ ಕೆಣಕಿ ಹೇಳಿದ, ಅವಳು ಸಿಡುಕಲಿಲ್ಲ. ಮತ್ತೆ ಹೇಳಿದ, ಅದಕ್ಕೂ ಇಲ್ಲ. ನಾನು ಹೇಳಿದ್ದು ಇವಳು ಯಾವತ್ತೂ ಕೇಳಿದವಳಲ್ಲ ಅತ್ತಿಗೆ, ಆದರೆ ಬೈಯದೆ ಬಿಟ್ಟವಳೂ ಅಲ್ಲ ಎಂದು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ನಗು ಅರ್ಧಕ್ಕೇ ನಿಂತಿತ್ತು.

ಕಾರ್ಖಾನೆಯಲ್ಲಿ ಅವಳು ಹೇಗೆ ಸಂಭಾಳಿಸುತ್ತಿದ್ದಳು ಎಂದು ನೋಡಲಿಕ್ಕೆ ಒಂದು ಮಧ್ಯಾಹ್ನ ಅಂಗಳ ದಾಟಿ ಹೋದೆ. ಠಣ್ ಎಂದು ತಟ್ಟಿ ಬಲಗಡೆಗೆ, ದಬ್ ಎಂದು ಎಡಗಡೆಗೆ ಇಡುವ ಆ ಚಕಚಕ ಇರಲಿಲ್ಲ. ಒಂದೊಂದು ಜಾಡಿಯನ್ನೂ ಹಲ್ಲಿಗೆ ಮುಟ್ಟಿಸುತ್ತಿದ್ದಳು. ಪ್ರತಿಯೊಂದನ್ನೂ. ತುಟಿ ಪೂರ್ತಿ ಇಟ್ಟಿಗೆ ಬಣ್ಣ. ಸಾಲಿನಲ್ಲಿ ಕಾದಿದ್ದ ಕೂಲಿಯವರು ತಾಳ್ಮೆಯಿಂದ ನಿಂತಿದ್ದರು, ಈಗ ಕಿವಿಯಮ್ಮನ ಕೆಲಸ ಇನ್ನೂ ನಾಜೂಕಾಯಿತು ಎಂದು ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ. ಕಿವಿ ಮಂದವಾದಷ್ಟೂ ಹಲ್ಲನ್ನು ನಂಬಿದಳು. ಹಲ್ಲನ್ನು ನಂಬಿದಷ್ಟೂ ಕಿವಿ ಮಂದವಾಯಿತು. ಇದು ಆಗ ನಮಗೆ ಗೊತ್ತಿರಲಿಲ್ಲ.

ಕೊನೆಗೆ ಹಲ್ಲು ಕೂಡ ಕೈಕೊಟ್ಟಿತು. ಭಟ್ಟಿ ತೆರೆದ ದಿನ ಮೈದುನನೇ ಒಳಗಿದ್ದ. ನಡುಸಾಲಿನಲ್ಲಿ ಒಂದು ಜಾಡಿ ಬಾಯಿಬಿಟ್ಟು, ಮೆರುಗು ಸುರಿದು, ಸುತ್ತಲಿನ ಜಾಡಿಗಳೆಲ್ಲ ಒಂದಕ್ಕೊಂದು ಕಚ್ಚಿಕೊಂಡು ಗಡ್ಡೆಯಾಗಿದ್ದವು. ಅವನು ಯಾರಿಗೂ ತೋರಿಸದೆ ಒಡೆದು ಹಾಕಬೇಕೆಂದಿದ್ದನಂತೆ, ಆಗಲಿಲ್ಲ. ಕಾರ್ಖಾನೆಯ ಯಜಮಾನರು ಬಂದು ನೋಡಿದರು. ಬೈಯಲಿಲ್ಲ. ಅವರು ಕೂಗಾಡುವ ಜನವೇ ಅಲ್ಲ. ಮೆರುಗಿನ ಶೆಡ್ಡಿಗೆ ಬಂದು, ಅವಳ ಬೆನ್ನ ಹಿಂದೆ ನಿಂತು ಒಂದು ಒಳ್ಳೆಯ ಜಾಡಿಯನ್ನು ನೆಲಕ್ಕೆ ಬಿಟ್ಟರು. ಶೆಡ್ಡಿನಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು. ಅವಳು ಮುಂದಿನ ಜಾಡಿಗೆ ಕೈ ಹಾಕಿದಳು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಕಿವಿಯ ಡಾಕ್ಟರಮ್ಮ ನನಗೆ ಮಗಳಾಗುವಷ್ಟು ವಯಸ್ಸಿನವರು. ದೀಪ ಹಿಡಿದು ನೋಡಿ, ಕಿವಿಯ ಒಳಗೆ ಏನೂ ತೊಂದರೆಯಿಲ್ಲ, ತಮಟೆ ಚೆನ್ನಾಗಿದೆ ಅಂದರು. ನಮಗೆ ಹೋದ ಜೀವ ಬಂದ ಹಾಗಾಯಿತು. ಆಮೇಲೆ ಗಾಜಿನ ಕಿಟಕಿಯಿದ್ದ ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿ, ಕಿವಿಗೆ ಕಪ್ಪು ಬಟ್ಟಲಂಥದ್ದು ಹಾಕಿ, ಸದ್ದು ಕೇಳಿದಾಗಲೆಲ್ಲ ಈ ಗುಂಡಿ ಒತ್ತಿ ಎಂದು ಕೈಯಲ್ಲಿ ಕೊಟ್ಟರು. ನರ್ಸು ಗಾಜಿನಾಚೆ ಯಂತ್ರದ ಮುಂದೆ ಕೂತರು. ನನ್ನ ಓರಗಿತ್ತಿ ಚೆನ್ನಾಗಿ ಒತ್ತಿದಳು. ಒತ್ತುತ್ತಲೇ ಹೋದಳು. ನನಗೆ ಸಂತೋಷವಾಗಿ ಕಣ್ಣು ತುಂಬಿತು. ಆದರೆ ಆ ನರ್ಸು ಚುರುಕು, ನಡುವೆ ನಿಲ್ಲಿಸಿ ಒಳಗೆ ಬಂದು ಇವಳ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿ ಹೋದರು. ಇವಳು ಅಷ್ಟು ಹೊತ್ತೂ ನರ್ಸಿನ ತೋಳು ಅಲ್ಲಾಡುವುದನ್ನು ನೋಡಿ ಒತ್ತುತ್ತಿದ್ದಳು. ಗೋಡೆಗೆ ಮುಖ ಮಾಡಿದ ಮೇಲೆ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ಒತ್ತೇ, ಒತ್ತೇ ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಡಾಕ್ಟರಮ್ಮ ಅವಳ ವಸಡು ನೋಡಿದರು, ಮಣಿಕಟ್ಟು ಎತ್ತಿಸಿ ನೋಡಿದರು, ಕೆಲಸ ಏನೆಂದು ಕೇಳಿದರು, ರಕ್ತ ತೆಗೆಸಿದರು. ರಕ್ತದ ಫಲಿತಾಂಶ ಬಂದ ದಿನ ಮತ್ತೆ ಹೋದೆವು. ಸೀಸ ಮೈಯಲ್ಲಿ ತುಂಬಿದೆ ಅಂದರು. ಕಿವಿಯಿಂದ ಮಿದುಳಿಗೆ ಸದ್ದು ಹೊರುವ ಒಂದು ನರ ಇದೆ, ಸೀಸ ಅದನ್ನು ತಿನ್ನುತ್ತದೆ, ಜೊತೆಗೆ ಡ್ರಮ್ಮಿನ ಗದ್ದಲವೂ ಸೇರಿದರೆ ಎರಡು ಕಡೆಯಿಂದ ಹೊಡೆದ ಹಾಗೆ ಅಂದರು. ಹತ್ತಿ ಇಟ್ಟುಕೊಳ್ಳುತ್ತಿದ್ದಳಲ್ಲ ಎಂದು ನಾನು ಕೇಳಿದೆ. ಸದ್ದಿಗೆ ಏನಾದರೂ ಅಡ್ಡ ಇಟ್ಟದ್ದು ಒಳ್ಳೆಯದೇ, ಆದರೆ ಕಿವಿ ಮುಚ್ಚಿದರೆ ಬಾಯಿಂದ ಹೋಗುವುದು ನಿಲ್ಲುತ್ತದೆಯೇ ಅಂದರು. ಬಾಯಿಗೆ ಹೇಗೆ ಹೋಯಿತು ಎಂದು ತಿಳಿಯಲಿಕ್ಕೆ ಕೆಲಸ ಮಾಡಿ ತೋರಿಸಿ ಅಂದರು. ಅವಳು ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡು, ತಟ್ಟಿ, ಅಂಚನ್ನು ಹಲ್ಲಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಮತ್ತೆ ತಟ್ಟಿ ತೋರಿಸಿದಳು. ಆಮೇಲೆ ಬೆರಳಿಂದ ಅಂಚಿಗೆ ಸವರುವುದನ್ನೂ ತೋರಿಸಿದಳು. ಅದು ಯಾಕೆ ಎಂದು ಡಾಕ್ಟರಮ್ಮ ಕೇಳಿದ್ದಕ್ಕೆ, ಹಲ್ಲು ತಾಗಿದ ಕಡೆ ಮೆರುಗು ಎದ್ದುಬರುತ್ತದೆ, ಮತ್ತೆ ಹಚ್ಚಬೇಕು ಎಂದು ನಾನು ಬಿಡಿಸಿ ಹೇಳಿದೆ.

ಅವರು ಅವಳ ಬೆರಳನ್ನೇ ನೋಡುತ್ತಾ ಕೇಳಿದರು.

“ಎದ್ದು ಬಂದಿದ್ದು ಎಲ್ಲಿಗೆ ಹೋಯ್ತಮ್ಮ?”

ಅವಳಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು. ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು ಅದನ್ನೇ ಇನ್ನೊಂದು ಸಲ ಹೇಳಬೇಕಾಯಿತು. ಅವಳು ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. ತುಟಿಯನ್ನು ಕೈಹಿಂಬದಿಯಿಂದ ಒರೆಸಿಕೊಂಡಳು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದವಳು ಇದ್ದಕ್ಕಿದ್ದ ಹಾಗೆ ನನ್ನ ಕಡೆ ತಿರುಗಿ, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದಳು. ಅವಳ ದನಿಯ ಅಳತೆ ಅವಳಿಗೇ ತಪ್ಪಿತ್ತು.

“ಅಕ್ಕ, ಮೇಸ್ತ್ರಿಗೆ ಗತ್ತು ಇರಲಿಲ್ಲ. ಅವರಿಗೂ ಕೇಳಿಸ್ತಾ ಇರಲಿಲ್ಲ.”

ಅಂಗಳದಲ್ಲಿ ಹಿಂದಿನಿಂದ ಎಷ್ಟು ಕೂಗಿದರೂ ತಿರುಗದ ಆ ಬೆನ್ನು ಕಣ್ಣಿಗೆ ಕಟ್ಟಿತು. ಕಿವಿ ಹೋದ ಮನುಷ್ಯ ಹಲ್ಲಿನಲ್ಲಿ ಕೇಳಿಸಿಕೊಳ್ಳುವುದನ್ನು ಕಂಡುಕೊಂಡಿದ್ದ, ಇಲ್ಲವೇ ಅವನಿಗಿಂತ ಹಿಂದಿನವನು ಕಂಡುಕೊಂಡಿದ್ದ. ಕೆಲಸ ಉಳಿಸಿಕೊಳ್ಳಲು ಮಾಡಿಕೊಂಡ ಉಪಾಯವನ್ನು ಕಸುಬಿನ ಮರ್ಮ ಎಂದು ಮುಂದಿನವರಿಗೆ ಕೊಟ್ಟು ಹೋದರು. ಇವಳು ಅದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು, ಕಿವಿ ಚೆನ್ನಾಗಿದ್ದಾಗಲೇ. ಮೇಸ್ತ್ರಿ ಮೋಸ ಮಾಡಿದ ಎನ್ನುವ ಹಾಗಿಲ್ಲ. ಅವನಿಗೂ ಅದು ಸಿಹಿಯಾಗಿಯೇ ಇದ್ದಿರಬೇಕು.

ಡಾಕ್ಟರಮ್ಮನ ಮಾತನ್ನು ಯಜಮಾನರಿಗೆ ನಾನು ಮೈದುನ ಇಬ್ಬರೂ ಹೋಗಿ ಹೇಳಿದೆವು. ಅವರು ಕೇಳಿಸಿಕೊಂಡರು, ಅದು ಸುಳ್ಳಲ್ಲ. ಮೆರುಗಿನ ಶೆಡ್ಡಿನ ಬಾಗಿಲಿಗೇ ನಲ್ಲಿ ಹಾಕಿಸಿದರು, ಸೋಪು ಇಡಿಸಿದರು. ಶೆಡ್ಡಿನೊಳಗೆ ಯಾರೂ ಡಬ್ಬಿ ಬಿಚ್ಚಕೂಡದು ಎಂದರು. ಮೂಗಿಗೆ ಬಾಯಿಗೆ ಸೇರಿಸಿ ಕಟ್ಟುವ, ಪುಡಿ ತಡೆಯುವ ಮುಖವಾಡ ತರಿಸಿದರು. ನೆಲವನ್ನು ಒಣಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು ಶುರುವಾಯಿತು. ಡ್ರಮ್ಮಿನ ಕೆಲಸದವರನ್ನು ಸರದಿಯಲ್ಲಿ ಬದಲಿಸತೊಡಗಿದರು. ಸೀಸವಿಲ್ಲದ ಮೆರುಗು ಇದೆ ಎಂದು ಡಾಕ್ಟರಮ್ಮ ಹೇಳಿದ್ದನ್ನೂ ತಿಳಿಸಿದೆವು, ಅದನ್ನೂ ಒಂದು ಭಟ್ಟಿ ಸುಟ್ಟು ನೋಡಿದರು. ನಮ್ಮ ಭಟ್ಟಿಯ ಶಾಖಕ್ಕೆ ಅದು ಸರಿಯಾಗಿ ಕರಗದೆ, ಜಾಡಿಗಳು ಬೂದಿ ಬಳಿದ ಹಾಗೆ ಮಂಕಾಗಿ ಬಂದವು. ಭಟ್ಟಿಯನ್ನೇ ಬದಲಿಸಬೇಕು, ನೋಡೋಣ ಎಂದರು ಯಜಮಾನರು. ಇವತ್ತಿಗೂ ಅದೇ ಭಟ್ಟಿ.

ಅವಳನ್ನು ಹುಲ್ಲಿನ ಶೆಡ್ಡಿಗೆ ನನ್ನ ಪಕ್ಕಕ್ಕೆ ಹಾಕಿದರು. ಕೆಲಸದ ಬಟ್ಟೆ ಮನೆಗೆ ತರುವುದು ಬಿಟ್ಟಳು. ಹಾಲು, ಸೊಪ್ಪು, ಬೇಳೆ ಚೆನ್ನಾಗಿ ತಿನ್ನಿ, ಬರಿಹೊಟ್ಟೆಯಲ್ಲಿ ಕೆಲಸಕ್ಕೆ ಹೋಗಬೇಡಿ ಎಂದಿದ್ದರು. ಹಾಗೇ ಮಾಡಿದೆವು. ಆಸ್ಪತ್ರೆಯಲ್ಲಿ ಕೆಲವು ಸಲ ಮಲಗಿಸಿ ಸೀಸ ಇಳಿಸುವ ಔಷಧಿ ಕೊಟ್ಟರು. ಹೊಟ್ಟೆನೋವು ಹೋಯಿತು. ನೀಲಿ ಗೆರೆ ಅಳಿಸುತ್ತಾ ಬಂತು. ಮಣಿಕಟ್ಟಿಗೆ ಬಲ ಬಂದು ಮತ್ತೆ ಬಟ್ಟೆ ಹಿಂಡಿದಳು. ಒಂದೊಂದು ವಾಪಸು ಬಂದಾಗಲೂ ಇನ್ನು ಕಿವಿಯೂ ಬರುತ್ತದೆ ಎಂದು ನಾವು ಕಾದೆವು. ನಾನು ಬೆನ್ನ ಹಿಂದೆ ನಿಂತು ಚಮಚೆ ತಟ್ಟುತ್ತಿದ್ದೆ, ಮೈದುನ ಸೀನುತ್ತಿದ್ದ. ಡಾಕ್ಟರಮ್ಮ ರಕ್ತದ ಫಲಿತಾಂಶ ಬಂದ ದಿನವೇ ಹೇಳಿದ್ದರು, ಆ ನರ ಸತ್ತರೆ ಮತ್ತೆ ಚಿಗುರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ ಎಂದು. ಹೇಳಿದ್ದನ್ನು ಕೇಳಿಸಿಕೊಂಡಿದ್ದೆವು, ನಂಬಿರಲಿಲ್ಲ. ಕಿವಿಗೆ ಹಾಕುವ ಯಂತ್ರವನ್ನೂ ಕೊಡಿಸಿದರು. ಅದನ್ನು ಹಾಕಿಕೊಂಡರೆ ಗದ್ದಲ ದೊಡ್ಡದಾಗುತ್ತದೆ, ಮಾತು ಮಾತಾಗುವುದಿಲ್ಲ, ಡ್ರಮ್ಮಿನೊಳಗೆ ಕೂತ ಹಾಗಿದೆ ಎಂದು ತೆಗೆದು ಕಪಾಟಿನಲ್ಲಿಟ್ಟಳು. ಆಗೊಮ್ಮೆ ಈಗೊಮ್ಮೆ ನಮ್ಮ ಒತ್ತಾಯಕ್ಕೆ ಹಾಕಿಕೊಳ್ಳುವಳು.

ಮುಕ್ಕಾಲಿ ಖಾಲಿಯಿತ್ತು. ಅದಕ್ಕೆ ಸೊಸೆ ಹೋಗುತ್ತೇನೆ ಎಂದಳು. ಆ ಹುಡುಗಿ ಮದುವೆಯಾಗಿ ಬಂದಾಗಿನಿಂದ ಅದ್ದುವ ತೊಟ್ಟಿಯ ಕೆಲಸದಲ್ಲಿದ್ದವಳು, ದಿನವಿಡೀ ನಿಂತು ನಿಂತು ಕಾಲು ಬಾತುಹೋಗುತ್ತಿತ್ತು. ಕೂತು ಮಾಡುವ ಕೆಲಸ, ಮೇಸ್ತ್ರಿಗಳ ಮರ್ಯಾದೆ, ಬೇಡ ಎನ್ನುವವರು ಯಾರು? ಅತ್ತೆಗೆ ತಿಳಿದಾಗ ಎರಡು ದಿನ ಸೊಸೆಯ ಮುಖ ನೋಡಲಿಲ್ಲ. ಮೂರನೆಯ ದಿನ ಭಟ್ಟಿಯ ಸೌದೆಯಲ್ಲಿ ಒಂದು ತುಂಡು ತಂದು, ಕೂತು ಕೂತು ಕೆತ್ತಿ, ಗೇಣುದ್ದದ ನುಣುಪಾದ ಕಡ್ಡಿ ಮಾಡಿದಳು. ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಕಡ್ಡಿಯ ಒಂದು ತುದಿಯನ್ನು ಅವಳ ಕಿವಿಯ ಹಿಂದಿನ ಮೂಳೆಗೆ ಒತ್ತಿ, ಇನ್ನೊಂದು ತುದಿಯನ್ನು ಅಡುಗೆಮನೆಯ ಜಾಡಿಗೆ ಆನಿಸಿ ತಟ್ಟಿ ತೋರಿಸಿದಳು. ಅನುಮಾನ ಬಂದರೆ ಇದು. ಹಲ್ಲಲ್ಲ.

“ಆಯ್ತು ಅತ್ತೆ” ಎಂದು ಸೊಸೆ ತಲೆಯಾಡಿಸಿದಳು. ನಕ್ಕಳು. ಕಡ್ಡಿಯನ್ನು ಕೆಲಸದ ಅಂಗಿಯ ಜೇಬಿಗೆ ಹಾಕಿಕೊಂಡಳು.

ಆ ಹುಡುಗಿಗೂ ಒಳ್ಳೆಯ ಬೆರಳು, ಒಳ್ಳೆಯ ಕಿವಿ. ಕಾರ್ಖಾನೆಯಲ್ಲಿ ಎಲ್ಲರೂ ಹೊಗಳಿದರು. ಹೊಗಳುವಾಗ ಅವರು ಕೊಡುತ್ತಿದ್ದ ಹೋಲಿಕೆ ಮಾತ್ರ ನನಗೆ ಸೇರುತ್ತಿರಲಿಲ್ಲ. ಅತ್ತೆ ಹಲ್ಲಿಗಿಟ್ಟು ನೋಡುತ್ತಿದ್ದಾಗ ಒಂದೂ ತಪ್ಪುತ್ತಿರಲಿಲ್ಲ ಎಂದು ಹಳಬರು ಹೇಳುವರು. ಕೊನೆಯ ಭಟ್ಟಿಯ ಗಡ್ಡೆ ಯಾರಿಗೂ ನೆನಪಿಲ್ಲ. ಮುಖವಾಡ ಸೆಕೆ ಎಂದು ಅರ್ಧ ಜನ ಕತ್ತಿಗೆ ಇಳಿಸಿಕೊಂಡಿರುತ್ತಿದ್ದರು. ಸೋಪು ಮುಗಿದಾಗ ಮತ್ತೆ ಇಡುವವರು ನೆನಪಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನನ್ನ ಓರಗಿತ್ತಿ ಮಧ್ಯಾಹ್ನ ಊಟದ ಗಂಟೆಗೆ ಎದ್ದು, ಆ ಗಂಟೆಯೂ ಅವಳಿಗೆ ಕೇಳುತ್ತಿರಲಿಲ್ಲ, ನಾನು ತೊಡೆ ಮುಟ್ಟಿ ಹೇಳುತ್ತಿದ್ದೆ, ಅಂಗಳ ದಾಟಿ ಹೋಗಿ ನಲ್ಲಿಯ ಹತ್ತಿರ ನಿಲ್ಲುವಳು. ಬರುವವರಿಗೆಲ್ಲ ಕೈ ತೊಳೆಯಿರಿ, ಬಾಯಿ ಮುಕ್ಕಳಿಸಿರಿ ಎಂದು ಸನ್ನೆ ಮಾಡುವಳು. ಕೆಲವರು ತೊಳೆಯುವರು. ಕೆಲವರು ಅವಳಿಗೆ ಕೇಳುವುದಿಲ್ಲವಲ್ಲ ಎಂದು ಏನಾದರೂ ಅಂದು ನಗುತ್ತಾ ಹೋಗುವರು. ಅವರ ನಗು ನೋಡಿ ಅವಳೂ ನಗುವಳು. ನಾನು ಏನು ತಾನೇ ಮಾಡಲಿ, ಕೈಚೆಲ್ಲಿ ನಿಲ್ಲುತ್ತಿದ್ದೆ.

ಸೊಸೆ ಕೆಲಸದ ಅಂಗಿಯನ್ನು ಕಾರ್ಖಾನೆಯಲ್ಲೇ ಬಿಟ್ಟುಬರಬೇಕೆಂದಿತ್ತು. ಒಗೆಯುವವರಿಲ್ಲ ಎಂದು ವಾರಕ್ಕೊಮ್ಮೆ ಮನೆಗೆ ತರುವಳು. ಅದನ್ನು ಬೇರೆಯವರ ಬಟ್ಟೆಗೆ ಸೇರಿಸದೆ, ಬೇರೆ ಬಕೆಟ್ಟಿನಲ್ಲಿ ನೆನೆಸಿ ಅತ್ತೆಯೇ ಒಗೆಯುತ್ತಿದ್ದಳು. ಒಂದು ವಾರ ಜೇಬು ತಡಕಿದಾಗ ಕಡ್ಡಿ ಸಿಕ್ಕಿತು. ಅವಳು ಅದನ್ನು ಬೆಳಕಿಗೆ ಹಿಡಿದು ಒಂದು ತುದಿ ನೋಡಿದಳು, ತಿರುಗಿಸಿ ಇನ್ನೊಂದು ತುದಿ ನೋಡಿದಳು. ನನ್ನನ್ನು ಕರೆದು ತೋರಿಸಿದಳು. ಎರಡು ತುದಿಯೂ ಕೆತ್ತಿದ ದಿನದ ಹಾಗೇ ಬಿಳಿ. ಒಣಗಿದ ಮೆರುಗಿಗೆ ದಿನವೂ ತಾಗುವ ಕಡ್ಡಿ ಬಿಳಿಯಾಗಿ ಇರುವುದು ಹೇಗೆ?

ಸೊಸೆ ಒಳಗೆ ಚಹಾಕ್ಕೆ ಇಟ್ಟಿದ್ದಳು. ಇವಳು ಒದ್ದೆ ಕೈಯಲ್ಲೇ ಹೋಗಿ ಅವಳ ರಟ್ಟೆ ಹಿಡಿದು ಬಾಗಿಲ ಬೆಳಕಿಗೆ ಎಳೆದು ತಂದಳು. ಜಾಡಿ ನೋಡುವ ಹಾಗೆ ಗಲ್ಲ ಎತ್ತಿ, ಹೆಬ್ಬೆರಳಿನಿಂದ ಮೇಲ್ತುಟಿ ಸರಿಸಿ ವಸಡು ನೋಡಿದಳು. ಕೆಳತುಟಿ ಸರಿಸಿ ನೋಡಿದಳು. ಗೆರೆ ಇರಲಿಲ್ಲ. ಆ ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು. ಬಿಡಿಸಿಕೊಂಡು ನನ್ನ ಕಡೆ ತಿರುಗಿ ಅಂದಳು:

“ಎಲ್ಲಕ್ಕೂ ಇಡಲ್ಲ ದೊಡ್ಡತ್ತೆ. ಅನುಮಾನ ಬಂದಾಗ ಮಾತ್ರ. ಕಡ್ಡಿ ಹಿಡಿದ್ರೆ ಎಲ್ಲರೂ ನೋಡಿ ನಗ್ತಾರೆ.”

“ಏನಂದ್ಲು ಅಕ್ಕ?” ಎಂದು ಓರಗಿತ್ತಿ ನನ್ನ ತುಟಿಯನ್ನೇ ನೋಡುತ್ತಾ ಕೇಳಿದಳು.

ಅನುಮಾನ ಬಂದಾಗ ಮಾತ್ರ. ಓರಗಿತ್ತಿಯೂ ಮೊದಮೊದಲು ಮಾಡುತ್ತಿದ್ದುದು ಅಷ್ಟೇ. ನಾನು ಬಾಯಿ ಅಗಲಿಸಿ, ಒಂದೊಂದೇ ಮಾತು ಬಿಡಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಸೊಸೆಯನ್ನು ಬೈಯಲಿಲ್ಲ. ಕಡ್ಡಿಯನ್ನು ತನ್ನ ಬಟ್ಟೆಗೆ ಒರೆಸಿ, ಮತ್ತೆ ಅವಳ ಕೈಗೆ ಕೊಟ್ಟಳು. ಕೊಟ್ಟ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಮುಕ್ಕಾಲಿ ಬಿಡು ಎಂದು ಮೈದುನ ಸೊಸೆಗೆ ಹೇಳಿ ನೋಡಿದ, ಮಗ ಬಂದಾಗ ಅವನೂ ಹೇಳಿದ. ಮತ್ತೆ ಆ ತೊಟ್ಟಿಗೆ ಹೋಗಿ ಕೈ ಅದ್ದಿಕೊಂಡು ನಿಲ್ಲಲಾ, ಅದರಲ್ಲಿ ಇರುವುದೂ ಅದೇ ಸೀಸ ತಾನೇ ಎಂದು ಕೇಳಿ ಅವಳು ಮುಕ್ಕಾಲಿಯಲ್ಲೇ ಉಳಿದಳು. ಇನ್ನು ಹಲ್ಲಿಗೆ ಇಡುವುದಿಲ್ಲ ಎಂದು ಮಾತು ಕೊಟ್ಟಿದ್ದಾಳೆ. ಇತ್ತೀಚೆಗೆ ಕಡ್ಡಿಯ ತುದಿ ಕೆಂಪಾಗಿಯೇ ಬರುತ್ತದೆ. ಜಾಡಿಗೆ ತಾಗಿ ಕೆಂಪಾಯಿತೋ, ಅತ್ತೆ ನೋಡುತ್ತಾಳೆಂದು ಬಟ್ಟಲಲ್ಲಿ ಅದ್ದಿ ತಂದದ್ದೋ, ಹೇಳುವುದು ಹೇಗೆ? ಆರು ತಿಂಗಳಿಗೊಮ್ಮೆ ರಕ್ತ, ಕಿವಿ ಎರಡನ್ನೂ ನೋಡಿಸಿ ಎಂದು ಡಾಕ್ಟರಮ್ಮ ಹೇಳಿದ್ದಾರೆ, ಕರೆದುಕೊಂಡು ಹೋಗುತ್ತೇವೆ. ಅದರ ನಡುವಿನ ದಿನಗಳಿಗೆ ನಾನಿದ್ದೇನೆ. ಓರಗಿತ್ತಿಗೆ ಆಗದ ಕೆಲಸ ಅದು, ಅದಕ್ಕೆ ಕಿವಿ ಬೇಕು.

ಸಂಜೆ ಸೊಸೆ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿರುವಾಗ ನಾನು ಹಿಂದಿನಿಂದ, ದನಿ ಎತ್ತದೆ, ಒಂದು ಸಲ ಕರೆಯುತ್ತೇನೆ. ಪಕ್ಕದಲ್ಲಿ ಕೂತ ಓರಗಿತ್ತಿ ನನ್ನ ತುಟಿ ಅಲ್ಲಾಡಿದ್ದನ್ನು ನೋಡಿ, ಸೊಸೆಯ ಕುತ್ತಿಗೆ ತಿರುಗುತ್ತದೆಯೇ ಎಂದು ಕಾಯುತ್ತಾಳೆ. ಸಾಮಾನ್ಯವಾಗಿ ತಿರುಗುತ್ತದೆ. ಒಂದೊಂದು ದಿನ ಎರಡನೇ ಸಲ ಕರೆಯಬೇಕಾಗುತ್ತದೆ. ಒಲೆಯ ಸದ್ದಿಗೆ ಇರಬಹುದು ಎಂದು ನಾನು ಕೈಸನ್ನೆಯಲ್ಲಿ ಓರಗಿತ್ತಿಗೆ ಹೇಳುತ್ತೇನೆ.